ಠಾಣೆಗೆ ಹೇಳುವ ಕಥೆ

ಮಲ್ಲಿಕಾರ್ಜುನ್ ಸಾರ್ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಕೊಪ್ಪರಿಗೆಯೊಳಗೆ ಇಳಿದಿದ್ದೆ.

ನಂಜನಗೂಡಿನ ಒಂದು ಛತ್ರದ ಹಿತ್ತಲು. ಎರಡು ಸಾವಿರದ ಐದನೇ ಇಸವಿ, ಮದುವೆಗಳ ಕಾಲ. ಆರುನೂರು ಜನ ಉಂಡು ಎದ್ದಿದ್ದರು. ಪಾಯಸ ತಳ ಹಿಡಿದು ಗಾರೆಯ ಹಾಗೆ ಕೂತಿತ್ತು. ಹೊರಗೆ ನಿಂತು ಕೈಚಾಚಿದರೆ ತಳ ಸಿಗುವುದಿಲ್ಲ. ಸೀರೆ ಎತ್ತಿಕಟ್ಟಿ ಒಳಗೇ ಇಳಿಯಬೇಕು. ಮಂಡಿಯೂರಿ ತೆಂಗಿನ ನಾರು, ಬೂದಿ, ಇಟ್ಟಿಗೆ ಪುಡಿ ಹಾಕಿ ಉಜ್ಜಬೇಕು. ಉಗುರಿನ ಸಂದಿ ಬಿರಿದು ರಕ್ತ ಬರುತ್ತದೆ. ಬೂದಿ ಅದಕ್ಕೇ ತಾಗುತ್ತದೆ.

"ಯಶೋಧರಾ ಅಂದ್ರೆ ನೀವೇನಾ?"

ತಲೆ ಎತ್ತಿದೆ. ಅಂಚಿನ ಮೇಲೆ ಒಂದು ಕನ್ನಡಕ, ಒಂದು ಗಡ್ಡ, ಹೆಗಲಿಗೆ ಬಟ್ಟೆ ಚೀಲ. ನನ್ನನ್ನು 'ನೀವು' ಅನ್ನುವವರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. 'ಏ ಕೋಜಾ' ಅನ್ನುವವನಿಗೆ ಏನು ಬೇಕು ಅಂತ ಗೊತ್ತಿರುತ್ತದೆ. 'ನೀವು' ಅನ್ನುವವನಿಗೆ ಏನು ಬೇಕೋ ಅವನು ಹೋದ ಮೇಲೆ ಗೊತ್ತಾಗುತ್ತದೆ.

"ಯಾರು ಯೋಳುದ್ರು?" ಅಂದೆ.

"ಅಡುಗೆ ಕಂಟ್ರಾಕ್ಟರ್ ಬಸವಣ್ಣ ಹೇಳಿದ್ರು. ನೀವು ಕವಿತೆ ಬರೀತೀರಂತೆ. ನಾನು ನರಸೀಪುರದಲ್ಲಿ ಲೆಕ್ಚರರು. ನಿಮ್ಮಂಥವರ ಆತ್ಮಕಥೆ ಕನ್ನಡದಲ್ಲಿ ಬರಬೇಕು ಕಣ್ರೀ."

ನಮ್ಮಂಥವರು. ಛತ್ರದ ಮುಂಬಾಗಿಲಿಗೆ ನಮ್ಮಂಥವರು ಬರಕೂಡದು. ಮದುವೆ ಗಂಡು ಹೆಣ್ಣಿನ ತಲೆ ಮೇಲೆ ಕೈಯಿಡಲು ಕರೆದಾಗ ಸೀರೆ ಬದಲಿಸಿಕೊಂಡು ಹೋಗಬೇಕು. ಹರಸಿ ಮುಗಿದ ತಕ್ಷಣ ಹಿತ್ತಲಿಗೆ ವಾಪಸ್ಸು ಬರಬೇಕು. ಊಟದ ಮನೆಯಲ್ಲಿ ನಮಗೆ ಎಲೆ ಇಲ್ಲ. ಇಂಥ ಊರಿನಲ್ಲಿ ಒಬ್ಬ ಲೆಕ್ಚರರು ಕೊಪ್ಪರಿಗೆಯೊಳಗೆ ಬಗ್ಗಿ ನನ್ನ ಆತ್ಮಕಥೆ ಕೇಳುತ್ತಾನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂದುಕೊಂಡು ಉಜ್ಜುವುದನ್ನು ಮುಂದುವರಿಸಿದೆ.

ಅವರು ಬಿಡಲಿಲ್ಲ. ರೈಲ್ವೆ ಸ್ಟೇಷನ್ ಹಿಂದಿನ ನಮ್ಮ ಬಾಡಿಗೆ ಮನೆಗೇ ಬಂದರು. ಆ ಮನೆಯಲ್ಲಿ ನಾನು ಮತ್ತು ನನ್ನ ಗುರು ಪುಟ್ಟಲಕ್ಷ್ಮಿ, ಇಬ್ಬರೇ. ನಾನು ಅವಳನ್ನು ಅಮ್ಮ ಅನ್ನುತ್ತೇನೆ. ಆಪರೇಷನ್ ಆದಾಗ ನಲವತ್ತು ದಿನ ನನ್ನ ಮೈ ತೊಳೆದವಳು ಅವಳು. ಅಮ್ಮ ನೀರು ಕೊಟ್ಟಳು. ಅವರು ಪೂರ್ತಿ ಕುಡಿಯುತ್ತಾರೋ ಇಲ್ಲವೋ ಅಂತ ನಾವಿಬ್ಬರೂ ನೋಡಿದೆವು. ಅರ್ಧ ಕುಡಿದು ಲೋಟ ಕೆಳಗಿಟ್ಟರು. ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಗುಂಡಿ ಒತ್ತಿದರು. ಕೆಂಪು ದೀಪ ಹೊತ್ತಿತು.

ಅಮ್ಮ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ನಾನು ಠಾಣೆಗೆ ಹೇಳುವ ಕಥೆ ಶುರುಮಾಡಿದೆ.

ನಮ್ಮಲ್ಲಿ ಎಲ್ಲರಿಗೂ ಅಂಥದೊಂದು ಕಥೆ ಇರುತ್ತದೆ. ಮನೆಗೆ ಹೊಸಬಳು ಬಂದರೆ ಸೀರೆ ಉಡುವುದಕ್ಕಿಂತ ಮೊದಲು ಅದನ್ನು ಕಲಿಸುತ್ತಾರೆ. ಊರು ಬೇರೆ ಹೇಳು. ಹೆಸರು ಬೇರೆ ಹೇಳು. ಅಪ್ಪ ಅವ್ವ ಸತ್ತರು ಅನ್ನು. ಯಾಕೆಂದರೆ ಹಿಂದೆ ಒಬ್ಬಳು ಯಾವುದೋ ಊರಿನ ಠಾಣೆಯಲ್ಲಿ ಏಟು ತಾಳದೆ ನಿಜ ಹೇಳಿಬಿಟ್ಟಳು. ಇಬ್ಬರು ಪೇದೆಗಳು ಅವಳನ್ನು ಸೀರೆಯಲ್ಲೇ ಹಳ್ಳಿಗೆ ಕರಕೊಂಡು ಹೋಗಿ, ಅಪ್ಪನ ಬಾಗಿಲ ಮುಂದೆ ನಿಲ್ಲಿಸಿ, "ತಗೊಳಯ್ಯ, ನಿನ್ನ ಮಗಳು" ಅಂದರು. ಕೇರಿಯೆಲ್ಲ ನಕ್ಕಿತು. ಅಪ್ಪ ಅವತ್ತೇ ಬಾವಿಗೆ ಬಿದ್ದ. ಅದಾದ ಮೇಲೆ ನಮ್ಮವರು ಯಾರೂ ಠಾಣೆಯಲ್ಲಿ ನಿಜ ಹೇಳಿಲ್ಲ.

ನನ್ನ ಕಥೆ ಇದು. ಊರು ಹೆಮ್ಮರಗಾಲ. ಅವ್ವ ಹೆರಿಗೆಯಲ್ಲೇ ಸತ್ತಳು. ಅಪ್ಪ ಕುಡುಕ. ಹೆಣ್ಣಿನ ಥರ ನಡೀತೀಯಾ ಅಂತ ಕಾದ ಕಬ್ಬಿಣದಲ್ಲಿ ತೋಳಿಗೆ ಬರೆ ಎಳೆದ. ಬೀದಿಗೆ ತಳ್ಳಿದ. ಆಮೇಲೆ ಅವನೂ ಕುಡಿದು ಸತ್ತ. ಛತ್ರಕ್ಕೆ ಸೇರಿದ ಮೇಲೆ ಈ ಕಥೆಗೆ ಒಂದು ಗಾಯವೂ ಸಿಕ್ಕಿತು. ಸಾಂಬಾರಿನ ಕೊಪ್ಪರಿಗೆ ಇಳಿಸುವಾಗ ತೋಳು ಸುಟ್ಟಿತ್ತು. ರವಿಕೆ ತೋಳು ಮೇಲೆತ್ತಿ ತೋರಿಸಿದರೆ ಸಬ್ ಇನ್‌ಸ್ಪೆಕ್ಟರುಗಳೂ ಲಾಠಿ ಕೆಳಗಿಡುತ್ತಿದ್ದರು.

ಲೆಕ್ಚರರೂ ಹಾಗೇ ಮಾಡಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಮೂರು ತಿಂಗಳು ಬಂದರು. ನಾನು ಅಳೆದೆ, ಸುರಿದೆ. ಅವರು ಚೀಲ ಬಿಟ್ಟು ಹಿತ್ತಲಿಗೆ ಹೋದಾಗ ಅದನ್ನು ತಡಕಿದೆ. ಪುಸ್ತಕಗಳೇ ಇದ್ದವು. ಒಂದು ದಿನ ಅಮ್ಮನಿಗೆ ಜ್ವರ. ತಾವೇ ಆಟೋ ಕರೆತಂದು ಆಸ್ಪತ್ರೆಗೆ ಕರಕೊಂಡು ಹೋದರು. ನನ್ನ ಕವಿತೆ ಒಂದನ್ನು ಬಾಯಲ್ಲಿ ಹೇಳಿಸಿ, "ನೀವು ಕವಿ ಕಣ್ರೀ" ಅಂದರು. ಆ ಮಾತಿಗೆ ನಾನು ಬಿದ್ದೆ. ಮೈಗೆ ಬೀಳಲಿಲ್ಲ, ದುಡ್ಡಿಗೆ ಬೀಳಲಿಲ್ಲ, ಆ ಒಂದು ಮಾತಿಗೆ ಬಿದ್ದೆ. ಈಗಲೂ ನಾಚಿಕೆಯಾಗುತ್ತದೆ.

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಎಂಟು ವರ್ಷದಿಂದ ಬರೆದದ್ದು. ಬೂದಿಯ ಬೆರಳಿನ ಗುರುತು ಪ್ರತಿ ಪುಟದಲ್ಲೂ ಇತ್ತು. ಅದನ್ನು ಅವರ ಕೈಗಿಟ್ಟೆ.

"ಸಾ, ಮೊದ್ಲು ಯೋಳಿದ್ದೆಲ್ಲ ಸುಳ್ಳು. ಪೊಲೀಸ್ನೋರಿಗೆ ಯೋಳೋ ಕತೆ ಅದು. ಅಳಿಸ್ಬುಡಿ. ಇದ್ರಲ್ಲಿರೋದು ನಿಜ."

ಅವರು ನೋಟ್‌ಬುಕ್ ಕಣ್ಣಿಗೆ ಒತ್ತಿಕೊಂಡರು. "ನಂಬಿ ಕೊಟ್ರಲ್ಲ" ಅಂದರು.

ನಿಜ ಏನೆಂದರೆ, ನಮ್ಮೂರು ಹದಿನಾರು ಅನ್ನುವ ಹಳ್ಳಿ. ಅವ್ವ ಮಂಚಮ್ಮ ಬದುಕಿದ್ದಾಳೆ, ಕೂಲಿ ಮಾಡುತ್ತಾಳೆ. ಅಪ್ಪ ಮಂಟೇಸ್ವಾಮಿ ನರಸೀಪುರದ ಒಂದು ಆಫೀಸಿನಲ್ಲಿ ಅಟೆಂಡರ್ ಆಗಿದ್ದ. ಒಂದು ದಿನವೂ ಕುಡಿದವನಲ್ಲ, ನನ್ನ ಮೇಲೆ ಕೈ ಎತ್ತಿದವನಲ್ಲ. ನಾನು ಸೀರೆಯಲ್ಲಿ ನಂಜನಗೂಡಿಗೆ ಬಂದು ನೆಲೆಸಿದ ಮೇಲೆ ತಿಂಗಳಿಗೊಂದು ಸಲ ರಾಗಿ ಹಿಟ್ಟು, ಅವ್ವ ಮಾಡಿದ ಹುಚ್ಚೆಳ್ಳು ಚಟ್ನಿಪುಡಿ ತಂದು ಜಗಲಿ ಮೇಲೆ ಕೂರುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಹಳೆಯ ಹೆಸರೂ ಕರೆಯುತ್ತಿರಲಿಲ್ಲ, ಹೊಸದೂ ಕರೆಯುತ್ತಿರಲಿಲ್ಲ. "ಮಗ" ಅನ್ನುತ್ತಿದ್ದ. ನಾನು ಬರೆದದ್ದನ್ನು ಬೆರಳಿಟ್ಟು ಓದುತ್ತಿದ್ದ.

ನನ್ನ ಓದು ನಿಲ್ಲಿಸಿದ್ದು ಅಪ್ಪನಲ್ಲ. ತೊಂಬತ್ತೊಂದರಲ್ಲಿ ನಾನು ನರಸೀಪುರದಲ್ಲಿ ಒಂಬತ್ತನೇ ಕ್ಲಾಸು. ಹೆಡ್ ಮೇಷ್ಟ್ರು ಬಸವಯ್ಯ. ನನ್ನ ನಡಿಗೆ, ನನ್ನ ಕೈ ತಿರುಗಿಸುವ ರೀತಿ ಅವರಿಗೆ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಯಾರದೋ ನೀಲಿ ಲಂಗ ತರಿಸಿ, ಚಡ್ಡಿಯ ಮೇಲೆ ಉಡಿಸಿ, ಬಾವುಟದ ಕಟ್ಟೆ ಮೇಲೆ ನಿಲ್ಲಿಸಿದರು. ಇಡೀ ಶಾಲೆಯನ್ನು ಸಾಲಾಗಿ ನನ್ನ ಮುಂದೆ ನಡೆಸಿದರು. ಒಬ್ಬೊಬ್ಬರೂ ನಿಂತು, ನನ್ನ ಮುಖ ನೋಡಿ, 'ಕೋಜಾ' ಅಂತ ಹೇಳಿಯೇ ಕ್ಲಾಸಿಗೆ ಹೋಗಬೇಕು. ಎರಡು ಪಿರಿಯಡ್ ಹಿಡಿಯಿತು. ಮೆಲ್ಲಗೆ ಹೇಳಿದವರಿಗೆ ಬೆತ್ತ ಬಿತ್ತು, ಜೋರಾಗಿ ಹೇಳಲಿ ಅಂತ. ಪಕ್ಕದ ಹುಡುಗಿಯರ ಸಾಲಿನಲ್ಲಿ ಕೂರುತ್ತಿದ್ದ ಗೆಳತಿ ಸಣ್ಣತಾಯಮ್ಮನೂ ಅಳುತ್ತಾ ಹೇಳಿದಳು. ಮೂರನೆಯ ದಿನ ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ.

ನೋಟ್‌ಬುಕ್ಕಿನ ಮೊದಲ ಕವಿತೆ ಅದರ ಮೇಲೆಯೇ:

ನನ್ನ ಮೊದಲ ಲಂಗ
ನೀಲಿ ಬಣ್ಣದ್ದು.
ಶಿಕ್ಷೆ ಅಂತ ಉಡಿಸಿದರು.
ನಾನು ನೆರಿಗೆ ಸರಿಮಾಡಿಕೊಂಡೆ.
ಅದಕ್ಕೇ ಇನ್ನೊಂದು ಏಟು ಬಿತ್ತು.

ಆ ಲಂಗ ನನಗೆ ಇಷ್ಟವಾಗಿತ್ತು. ನನ್ನ ಸಿಟ್ಟಿನ ಬೇರು ಇರುವುದು ಅಲ್ಲಿ. ಜೀವಮಾನದ ಮೊದಲ ಲಂಗ, ಅದನ್ನು ಅವರು ಹಾಗೆ ಕೊಟ್ಟರು.

ನೋಟ್‌ಬುಕ್ ಹೋದ ಮೇಲೆ ಲೆಕ್ಚರರು ಬರುವುದು ಕಡಿಮೆಯಾಯಿತು. ಒಮ್ಮೆ ಫೋಟೊಗ್ರಾಫರನ್ನು ಕರಕೊಂಡು ಬಂದರು. "ತೋಳು ಸ್ವಲ್ಪ ಮೇಲೆತ್ತಿ. ನಗಬೇಡಿ" ಅಂದರು. ತೋಳು ಯಾಕೆ ಅಂತ ನನಗೆ ಅನುಮಾನ ಬಂತು. ಕೇಳಲಿಲ್ಲ. ಅನುಮಾನ ಬಂದೂ ಸುಮ್ಮನಿದ್ದೆ. ಕವಿ ಆಗಬೇಕಿತ್ತಲ್ಲ ನಾನು.

ಫೆಬ್ರವರಿಯಲ್ಲಿ ಅಪ್ಪ ಬಂದ. ಕೈಯಲ್ಲಿ ರಾಗಿ ಹಿಟ್ಟಿರಲಿಲ್ಲ. ಜಗಲಿ ಮೇಲೆ ಕೂತು ಬಹಳ ಹೊತ್ತು ಟವಲ್ಲಿನಿಂದ ಮುಖ ಒರೆಸಿಕೊಂಡ.

"ಮಗ, ನನ್ನ ಸಾಯಿಸ್ಬುಟ್ಟಿದ್ದೀಯಂತಲ್ಲ."

ನನಗೆ ಅರ್ಥವಾಗಲಿಲ್ಲ. ಅವನು ಚೀಲದಿಂದ ಒಂದು ಪುಸ್ತಕ ತೆಗೆದ, ಆಫೀಸಿನಲ್ಲಿ ಹಂಚಿದ್ದರಂತೆ. 'ಸುಟ್ಟ ತೋಳು'. ರಟ್ಟಿನ ಮೇಲೆ ನನ್ನ ಮುಖ, ನನ್ನ ತೋಳು, ಅಪ್ಪನ ಆಫೀಸಿನವರಿಗೂ ಕೇರಿಯವರಿಗೂ ಗುರುತು ಸಿಗುವಷ್ಟು ದೊಡ್ಡದು. ನಿರೂಪಣೆ ಮಲ್ಲಿಕಾರ್ಜುನ್ ಅಂತ ದಪ್ಪ ಅಕ್ಷರ. ನನ್ನ ಹೆಸರು ಕೆಳಗೆ, ಸಣ್ಣದಾಗಿ. ಒಳಗೆ ಠಾಣೆಯ ಕಥೆ. ಒಂದಕ್ಕೆ ಹತ್ತು ಸೇರಿಸಿ ಬರೆದಿದ್ದರು. ಕಬ್ಬಿಣ ಕಾಯಿಸುವುದಕ್ಕೇ ನಾಲ್ಕು ಪುಟ. ಶಾಲೆ ಇಲ್ಲ. ಲಂಗ ಇಲ್ಲ. ಒಂದು ಕವಿತೆಯೂ ಇಲ್ಲ.

"ಊರು ಹೆಮ್ಮರಗಾಲ ಅಂತ ಅದೆಯಲ್ಲಪ್ಪ, ನಿನ್ ಹೆಸ್ರಿಲ್ವಲ್ಲ" ಅಂದೆ. ನನ್ನ ದನಿ ನನಗೇ ಕಳ್ಳರ ದನಿ ಅನ್ನಿಸಿತು.

"ಮಕ ನಿಂದೇ ಅಲ್ವಾ? ಮಾನ ಉಳಿಸಕೆ ಊರು ಬದ್ಲಾಯಿಸವ್ಳೆ, ಬರೆ ಮಾತ್ರ ನಿಜ ಅಂತವ್ರೆ ಕೇರೀಲಿ. ಪಕ್ಕದ್ಮನೆ ಮಲ್ಲಾಜಮ್ಮ ನಿಮ್ಮವ್ವನ ಜೊತೆ ಕೂಲಿಗೆ ಬರಕಿಲ್ಲ ಅಂದ್ಬುಟ್ಳು. ಮಗಿಗೆ ಬರೆ ಎಳ್ದೋನ ಎಂಡ್ತಿ ಅಂತ."

ನಾವು ಮಾಡಿದ ತಪ್ಪು ಇದು. ಠಾಣೆಯ ಕಥೆ ಠಾಣೆಯಲ್ಲೇ ಸಾಯುತ್ತದೆ ಅಂತ ನಮ್ಮ ಲೆಕ್ಕ. ಠಾಣೆಯಲ್ಲಿ ಯಾರೂ ಅದಕ್ಕೆ ಫೋಟೊ ಹಾಕಿ ಹಂಚುತ್ತಿರಲಿಲ್ಲ. ಅಪ್ಪಂದಿರನ್ನು ಉಳಿಸುವುದಕ್ಕೆ ಕಟ್ಟಿದ ಸುಳ್ಳು ನನ್ನ ಅಪ್ಪನ ಕುತ್ತಿಗೆಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗೆ.

ಮಾರನೆಯ ಬೆಳಿಗ್ಗೆ ನರಸೀಪುರದಲ್ಲಿ ಲೆಕ್ಚರರ ಮನೆ ಬಾಗಿಲು ತಟ್ಟಿದೆ. ಒಳಗೆ ಕರೆದು ಕುರ್ಚಿ ಕೊಟ್ಟರು.

"ಸುಳ್ಳು ಅಂತ ಯೋಳಿರ್ನಿಲ್ವಾ ಸಾ?"

"ಹೇಳಿದ್ರಿ. ಆದ್ರೆ ಯಶೋಧರಾ, ಅದು ನಿಮ್ಮ ಕಥೆ ಅಲ್ಲದಿದ್ರೂ ನಿಮ್ಮವರು ಯಾರದೋ ಕಥೆ ಆಗಿರುತ್ತೆ ತಾನೆ? ಅಷ್ಟರಮಟ್ಟಿಗೆ ನಿಜವೇ. ಒಳ್ಳೇ ಅಪ್ಪ, ಚಟ್ನಿಪುಡಿ, ಇದನ್ನೆಲ್ಲ ಬರೆದ್ರೆ ಓದುಗನಿಗೆ ಏನು ತಟ್ಟುತ್ತೆ?"

"ಇಸ್ಕೂಲು? ಲಂಗ?"

ಅವರು ಕಿಟಕಿ ಕಡೆ ನೋಡಿದರು. "ಕವಿತೆಯಲ್ಲಿ ನೋವು ಸರಿಯಾಗಿ ಬಂದಿಲ್ಲ. ಶಿಕ್ಷೆ ಮಧ್ಯೆ ನೆರಿಗೆ ಸರಿಮಾಡ್ಕೊಳ್ಳೋದು... ಜನ ತಪ್ಪು ತಿಳೀತಾರೆ."

ಮೇಜಿನ ಮೇಲೆ ಆಹ್ವಾನ ಪತ್ರಿಕೆಗಳ ಕಟ್ಟು ಇತ್ತು. ಒಂದನ್ನು ಎಳೆದು ಓದಿದೆ. ಪುಸ್ತಕ ಆಗಲೇ ಹಂಚಿಯಾಗಿತ್ತು, ಬಿಡುಗಡೆ ಭಾನುವಾರ ಬೆಳಿಗ್ಗೆ. ಅಧ್ಯಕ್ಷತೆ: ನಿವೃತ್ತ ಮುಖ್ಯೋಪಾಧ್ಯಾಯರಾದ ಶ್ರೀ ಬಸವಯ್ಯನವರು. ಪುಸ್ತಕ ಹೊರತಂದ ವೇದಿಕೆಗೂ ಅವರೇ ಅಧ್ಯಕ್ಷರು.

ನೋವು ಯಾಕೆ ಸರಿಯಾಗಿ ಬಂದಿಲ್ಲ ಅಂತ ಆಗ ಗೊತ್ತಾಯಿತು.

"ಈ ಊರಲ್ಲಿ ಅವರ ಸಹಾಯ ಇಲ್ಲದೆ ಒಂದು ಪುಸ್ತಕ ಆಗಲ್ಲ ಕಣ್ರೀ" ಅಂದರು. "ಒಂದು ಹೆಜ್ಜೆ ಇಟ್ಟಿದೀವಿ. ಭಾನುವಾರ ನೀವೂ ವೇದಿಕೆಗೆ ಬನ್ನಿ. ನಿಮ್ಮ ಸಮುದಾಯಕ್ಕೆ ಧ್ವನಿ ಸಿಕ್ಕಿದೆ."

"ನಮ್ಗೆ ಧ್ವನಿ ಅದೆ ಸಾ. ಚಪ್ಪಾಳೆ ತಟ್ಟುದ್ರೆ ಮೂರು ಬೀದಿಗೆ ಕೇಳ್ತದೆ. ನನ್ ಬುಕ್ಕು ಕೊಡಿ."

"ಪ್ರೆಸ್ಸಲ್ಲೆಲ್ಲೋ ಸೇರ್ಕೊಂಡಿದೆ. ಹುಡುಕಿಸ್ತಿದೀನಿ."

ಎಂಟು ವರ್ಷದ ಬೆರಳಿನ ಗುರುತು ಪ್ರೆಸ್ಸಿನಲ್ಲೆಲ್ಲೋ ಸೇರಿಕೊಂಡಿದೆ. ಆ ನೋಟ್‌ಬುಕ್ ಇವತ್ತಿಗೂ ಸಿಕ್ಕಿಲ್ಲ.

ಅಮ್ಮ ಹೋಗಬೇಡ ಅಂದಳು. "ಮೈಕಿನ ಮುಂದೆ ನಿಜ ಯೋಳ್ತಾರಾ ಯಾರಾರ? ನಾಳಿಕ್ಕೆ ಛತ್ರದ ಕೆಲ್ಸಾನೂ ಓಯ್ತದೆ, ಸುಮ್ಕಿರು." ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೆಲಸ ಹೋಯಿತು ಕೂಡ. ಆದರೆ ಅಪ್ಪ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರದೆ, ಯಾರಿಗೂ ಮುಖ ಕಾಣದ ಹಾಗೆ ಮೂಲೆ ಹಿಡಿದು ಬಂದನಂತೆ. ಅದು ನನಗೆ ನುಂಗಲಿಕ್ಕೆ ಆಗಲಿಲ್ಲ. ಅವನಿಗೆ ಹೇಳಿಕಳಿಸಿದೆ, ಭಾನುವಾರ ಬಾ, ಹಿಂದೆಯಾದರೂ ಕೂತುಕೋ ಅಂತ.

ಭಾನುವಾರ ಸಭಾಂಗಣ ತುಂಬಿತ್ತು. ಬಸವಯ್ಯ ಮೇಷ್ಟ್ರಿಗೆ ತಲೆ ಪೂರಾ ಬೆಳ್ಳಗಾಗಿತ್ತು. ಕೈ ಅದೇ, ಬೆತ್ತ ಹಿಡಿದ ಕೈ. ನನಗೆ ಶಾಲು ಹೊದಿಸಿದರು. ಗುರುತು ಸಿಗಲಿಲ್ಲ ಅವರಿಗೆ. "ಇಂಥ ನತದೃಷ್ಟರನ್ನ ಸಮಾಜ ಅಪ್ಪಿಕೊಳ್ಳಬೇಕು. ಮಕ್ಕಳಿಗೆ ಬರೆ ಹಾಕೋ ಅವಿದ್ಯಾವಂತ ತಂದೆತಾಯಿಗಳಿಗೆ ಈ ಪುಸ್ತಕ ಒಂದು ಪಾಠ" ಅಂತ ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು.

ಲೆಕ್ಚರರು ಮೈಕಿಗೆ ಬಂದರು. "ಈಗ ಯಶೋಧರಾ ಅವರು ತಮ್ಮ ಪದ್ಧತಿಯಂತೆ ಚಪ್ಪಾಳೆ ತಟ್ಟಿ ಪುಸ್ತಕವನ್ನ ಹರಸ್ತಾರೆ."

ಎದ್ದು ಹೋದೆ. ಶಾಲು ತೆಗೆದು ಮೇಜಿನ ಮೇಲಿಟ್ಟೆ. ಬಾವುಟದ ಕಟ್ಟೆ ಮೇಲೂ ಹೀಗೇ ಎಲ್ಲರೂ ನನ್ನ ಮುಖ ನೋಡಿದ್ದರು.

"ನಾನು ಚಪ್ಪಾಳೆ ತಟ್ಟಕಿಲ್ಲ" ಅಂದೆ. "ಈ ಪುಸ್ತಕದಲ್ಲಿರೋದು ಪೊಲೀಸ್ನೋರ ಒದೆ ತಪ್ಪಿಸ್ಕಳಕೆ ನಾವು ಯೋಳೋ ಕತೆ. ಸುಳ್ಳು ಅಂತ ಈ ಸಾರ್‌ಗೆ ಯೋಳಿದ್ದೆ. ನಿಜ ಬರ್ದು ಕೈಗೆ ಕೊಟ್ಟಿದ್ದೆ. ಇವ್ರು ಸುಳ್ಳನ್ನೇ ಅಚ್ಚಾಕ್ಸವ್ರೆ. ನಮ್ಮಪ್ಪ ಸತ್ತಿಲ್ಲ. ಅಗೋ, ಇಂದ್ಗಡೆ ಸಾಲಲ್ಲಿ ಕುಂತವ್ನೆ. ಕುಡ್ದಿಲ್ಲ, ಬರೆ ಎಳ್ದಿಲ್ಲ. ಈ ಗಾಯ ನಿಮ್ ಮದ್ವೆ ಸಾಂಬಾರಿಂದು. ನಂಗೆ ಬರೆ ಆಕ್ದೋರು ಬ್ಯಾರೆ. ಇಲ್ಲೇ ಕುಂತವ್ರೆ, ಅಧ್ಯಕ್ಷರ ಕುರ್ಚೀಲಿ."

ಲಂಗದ ಕಥೆ ಪೂರಾ ಹೇಳಿದೆ. ಸಾಲಾಗಿ ನಡೆಸಿದ್ದು, ಎರಡು ಪಿರಿಯಡ್ ಹಿಡಿದದ್ದು. ಅರ್ಧದಲ್ಲಿ ಯಾರೋ ಮೈಕು ಆರಿಸಿದರು. ನನಗೆ ಮೈಕು ಬೇಕಿರಲಿಲ್ಲ. ಕವಿತೆಯನ್ನು ಬಾಯಲ್ಲೇ ಹೇಳಿದೆ. ಕೊನೆಯ ಸಾಲಿಗೆ ಒಂದು ಹೆಂಗಸು ಸೆರಗು ಬಾಯಿಗಿಟ್ಟುಕೊಂಡಳು. ಇನ್ನೊಂದು ಕಡೆಯಿಂದ "ಇಳಿಸ್ರೀ ಅದನ್ನ ಕೆಳಕ್ಕೆ" ಅನ್ನುವ ಕೂಗು ಬಂತು.

ಬಸವಯ್ಯ ಮೇಷ್ಟ್ರು ಎದ್ದು ನಿಂತರು. "ಆಗಿನ ಕಾಲದಲ್ಲಿ ಶಿಸ್ತು ಅಂತ ಒಂದಿತ್ತಮ್ಮ. ನನಗೆ ಇದು ಯಾವುದೂ ನೆನಪಿಲ್ಲ." ಅಷ್ಟು ಹೇಳಿ ನೀರು ಕುಡಿದರು. ಲೋಟ ಪೂರಾ ಖಾಲಿ ಮಾಡಿದರು.

ನಾನು ಅಪ್ಪನ ಕಡೆ ನೋಡಿದೆ. ತಲೆ ಎತ್ತಿ ಕೂತಿರುತ್ತಾನೆ ಅಂದುಕೊಂಡಿದ್ದೆ. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

ಮೆಟ್ಟಿಲ ಹತ್ತಿರ ಲೆಕ್ಚರರು ಓಡಿಬಂದು ಕೈ ಹಿಡಿದರು. ಬೈಯುತ್ತಾರೆ ಅಂದುಕೊಂಡೆ. ಅವರ ಕಣ್ಣಲ್ಲಿ ನೀರಿತ್ತು. "ಅದ್ಭುತ ಯಶೋಧರಾ. ಎಲ್ಲಾ ರೆಕಾರ್ಡ್ ಆಗಿದೆ. ಮೇಷ್ಟ್ರ ಹೆಸರೊಂದು ಬಿಟ್ಟು, ಎರಡನೇ ಮುದ್ರಣಕ್ಕೆ ಇದನ್ನೇ ಕೊನೆ ಅಧ್ಯಾಯ ಮಾಡೋಣ." ಟೇಪ್ ರೆಕಾರ್ಡರ್ ಅವರ ಹೆಗಲಲ್ಲೇ ಇತ್ತು. ಕೆಂಪು ದೀಪ ಹೊತ್ತಿತ್ತು. ಗುಂಡಿ ಒತ್ತಿ ಕ್ಯಾಸೆಟ್ ಕಿತ್ತು ರವಿಕೆಯೊಳಗೆ ಇಟ್ಟುಕೊಂಡೆ. ತಡೆಯಲು ಅವರಿಗೆ ಧೈರ್ಯ ಬರಲಿಲ್ಲ.

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನೂ ನಾನೂ ಒಂದೇ ಬೆಂಚಿನ ಮೇಲೆ ಕೂತೆವು. ಹೊರಗೆ ಹೀಗೆ ಒಟ್ಟಿಗೆ ಕೂತದ್ದು ಅದೇ ಮೊದಲು. ಜನ ನೋಡಿದರು. ನೋಡಲಿ. ನನ್ನ ಎದೆ ಹಗುರವಾಗಿತ್ತು. ಅಪ್ಪನ ಹೆಸರು ಉಳಿಸಿದ್ದೆ.

"ಈಗ ಕೇರೀಲಿ ತಲೆಯೆತ್ಕಂಡು ಓಡಾಡು" ಅಂದೆ.

ನಂಜನಗೂಡಿನ ಬಸ್ಸು ಬಂತು. ಅಪ್ಪ ಏಳಲಿಲ್ಲ. ಬಸ್ಸು ಹೋಯಿತು.

"ಮತ್ತೆ ಬರೀತೀಯಾ ಬುಕ್ಕ?"

"ಬರೀತೀನಿ. ಈ ಸಾರಿ ಯಾರ ಕೈಗೂ ಕೊಡಕಿಲ್ಲ."

"ಅಂಗಾರೆ ಇದ್ನೂ ಬರಿ" ಅಂದ. ಚಪ್ಪಲಿ ನೋಡುತ್ತಲೇ ಅಂದ. "ನಿನ್ನ ಇಸ್ಕೂಲಿಂದ ತಗುದದ್ದು ಆ ಮೇಷ್ಟ್ರಲ್ಲ ಮಗ. ಮಾರ್ನೇ ದಿನ ನನ್ನ ಕರ್ಸಿದ್ರು. ಓದೆ. ಯಾಕಿಂಗ್ ಮಾಡುದ್ರಿ ಅಂತ ಕೇಳ್ಬೇಕು ಅಂತ್ಲೇ ಅವ್ರ ತಾವ್ಕೆ ಓದೆ, ದಾರಿಯುದ್ದಕ್ಕೂ ಮಾತು ಜೋಡಿಸ್ಕಂಡು. ಅವ್ರು ಕುರ್ಚಿ ತೋರ್ಸಿ ಕುಂತ್ಕೊ ಮಂಟೇಸ್ವಾಮಿ ಅಂದ್ರು. ಅಲ್ಲೀಗಂಟ ನಂಗೆ ಯಾರೂ ಕುರ್ಚಿ ಕೊಟ್ಟಿರ್ನಿಲ್ಲ. ಕುಂತ್ಕಂಡೆ. ಕಾಫಿ ತರ್ಸಿದ್ರು. ಕುಡ್ದೆ. ನನ್ ಮಗನ್ದೇ ತಪ್ಪು ಸಾ, ನಾನೇ ಬುಡಿಸ್ಕತೀನಿ ಅಂತ ಬರ್ದು ಸೈನ್ ಆಕ್ದೆ."

ನೀರು ಕೊಟ್ಟವರನ್ನು, ನೀರು ಕುಡಿದವರನ್ನು, ನಕ್ಕವರನ್ನು, ಅತ್ತವರನ್ನು, ಎಲ್ಲರನ್ನೂ ಅನುಮಾನದಿಂದ ನೋಡಿದ್ದೇನೆ. ಅಪ್ಪನೊಬ್ಬನನ್ನು ನೋಡಿರಲಿಲ್ಲ. ಅವನು ತಂದ ಇಷ್ಟು ವರ್ಷದ ರಾಗಿ ಹಿಟ್ಟು ನನ್ನ ಗಂಟಲಿಗೆ ಬಂತು. ಎದ್ದು ಹೋಗಿಬಿಡೋಣ ಅನ್ನಿಸಿತು. ಅವನ ಕೈ ನೋಡಿದೆ, ಮಂಡಿ ಮೇಲೆ ಅಂಗಾತ ಇಟ್ಟುಕೊಂಡಿದ್ದ.

"ಇದ ಬರುದ್ರೆ ನಿನ್ ಹೆಸ್ರು ಓಯ್ತದೆ ಕಣಪ್ಪ. ಈಗ್ತಾನೇ ಉಳಿಸ್ಕಂಡು ಬಂದಿವ್ನಿ."

"ಓಗ್ಲಿ. ಮಾಡ್ದೆ ಇರೋದ್ಕೆ ಓಗೋದ್ಕಿಂತ ಮಾಡಿದ್ಕೇ ಓಗ್ಲಿ ಬುಡು."

ಬಿಡುಗಡೆಯ ಆಹ್ವಾನ ಪತ್ರಿಕೆ ನನ್ನ ಚೀಲದಲ್ಲಿತ್ತು. ಹಿಂಬದಿ ಖಾಲಿ. ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದೆ. ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಸರಿದ, ಬೆರಳಿಟ್ಟು ಓದಲು.

"ಕಾಫಿ ಕುಡ್ದೆ ಅನ್ನೋದ ಬುಡ್ಬ್ಯಾಡ" ಅಂದ. "ಸಕ್ಕರೆ ಸಾಕಾ ಅಂತ ಕೇಳಿದ್ರು. ಸಾಕು ಸಾ ಅಂದೆ. ಅದ್ನೂ ಬರ್ಕೊ."